ರೈಸ್ ಮಿಲ್ಲಿನ ಹಳೆಯ ಆಪರೇಟರ್‌ಗಳಿಗೆ ಟ್ಯಾಬ್ ಕೊಟ್ಟು ತರಬೇತಿ ಮಾಡಿದರೆ ಕಲಿಯುತ್ತಾರಾ?

ಸಿಂಧನೂರಿನ ನಿಮ್ಮ ಮಿಲ್ಲಿಗೆ ಹೊಸ ಸಾರ್ಟೆಕ್ಸ್ (ಕ್ಯಾಮೆರಾದಿಂದ ಅಕ್ಕಿಯ ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿ ಊದಿ ಬೇರೆ ಮಾಡುವ ಮಷಿನ್) ಬಂದಿದೆ, ಆಪರೇಟರ್‌ಗಳೆಲ್ಲ 40 ದಾಟಿದವರು, ಟ್ಯಾಬ್ ತಂದು ಆ್ಯಪ್‌ನಲ್ಲಿ ಕಲಿಸಿದರೆ ಆಗುತ್ತದಾ ಎಂದು ಕೇಳಿದ್ದೀರಿ. ನಾನು ಗಂಗಾವತಿ ಕಡೆಯ ಮಿಲ್ಲುಗಳಲ್ಲಿ ಇದೇ ಕೆಲಸ ಮಾಡುತ್ತೇನೆ. ಖಂಡಿತ ಕಲಿಯುತ್ತಾರೆ. ಟ್ಯಾಬ್ ಖರೀದಿ ಮಾತ್ರ ಸದ್ಯಕ್ಕೆ ಬಿಡಿ.

ವಯಸ್ಸಾದವರಿಗೆ ತಲೆಗೆ ಹತ್ತುವುದಿಲ್ಲ ಎಂದು ಮಾಲೀಕರು ಹೇಳುವುದು ಮಾಮೂಲು. ನಾನು ಒಪ್ಪುವುದಿಲ್ಲ. ನೆಲ್ಲು ಸುಲಿಯುವ ಎರಡು ರಬ್ಬರ್ ರೋಲ್‌ಗಳ ನಡುವಿನ ಗ್ಯಾಪ್ ಸಡಿಲವಾದರೆ ನೆಲ್ಲು ಸುಲಿಯದೆ ಹಾಗೇ ಬರುತ್ತದೆ, ಬಿಗಿಯಾದರೆ ನುಚ್ಚು ಜಾಸ್ತಿ. ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿಕೊಂಡು ಇದನ್ನು ಹೇಳುವ ಜನ ಅವರು. ಅಂಥವರಿಗೆ ಟಚ್ ಸ್ಕ್ರೀನ್ ಯಾವ ಲೆಕ್ಕ? ಅಡ್ಡ ಬರುವುದು ನಾಚಿಕೆ. ನಿನ್ನೆ ಮೊನ್ನೆ ಬಂದ ಹುಡುಗನ ಮುಂದೆ ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಕೇಳುವುದಿಲ್ಲ, ಸುಮ್ನೆ ತಲೆ ಆಡಿಸುತ್ತಾರೆ. ಮೊಬೈಲ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಎಷ್ಟು ಸಲ ಬೇಕಾದರೂ ತೋರಿಸುತ್ತದೆ, ನಗುವುದಿಲ್ಲ.

ಹಾಗಾಗಿ ಲಾಗಿನ್, ಪಾಸ್‌ವರ್ಡ್, ಅಂಕಪಟ್ಟಿ ಇರುವ ಆ್ಯಪ್ ಬೇಡ. ಯಾರಿಗೆ ಎಷ್ಟು ಮಾರ್ಕ್ಸ್ ಎಂದು ಗೋಡೆಗೆ ಹಚ್ಚಿದ ಮಿಲ್ಲನ್ನೂ ನೋಡಿದ್ದೇನೆ, ಆಮೇಲೆ ಅಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವರ ಕೈಯಲ್ಲಿರುವ ಫೋನು, ಅದರಲ್ಲಿರುವ ವಾಟ್ಸ್‌ಆ್ಯಪ್ ಸಾಕು. ಗ್ರೂಪ್ ಮಾಡಬೇಡಿ, ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಉತ್ತರ ಬರೆದರೆ ನಿಮಗೆ ಮಾತ್ರ ಕಾಣುತ್ತದೆ, ಉಳಿದವರಿಗೆ ಕಾಣುವುದಿಲ್ಲ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಮೆಸೇಜ್ ತಲುಪುವುದೇ ಇಲ್ಲ. ಇದನ್ನು ಮರೆತು ಗೋಳಾಡುವವರು ಬಹಳ.

ಇನ್ನು ವಿಡಿಯೋ. ಕಂಪನಿಯವರು ಕೊಡುವ ಇಂಗ್ಲಿಷ್ ವಿಡಿಯೋ ಪಕ್ಕಕ್ಕಿಡಿ. ಮಷಿನ್ ಕೂಡಿಸಲು ಇಂಜಿನಿಯರ್ ಬರುತ್ತಾನಲ್ಲ, ಅವನು ಹೇಳಿಕೊಡುವುದನ್ನೆಲ್ಲ ರೆಕಾರ್ಡ್ ಮಾಡಿ. ಅವನು ಹೋದ ಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಹಳೆಯ ಆಪರೇಟರ್‌ನಿಂದ ಅದನ್ನೇ ನಮ್ಮ ಕಡೆಯ ಮಾತಿನಲ್ಲಿ ಹೇಳಿಸಿ. ಅವನೇ ಮೇಷ್ಟ್ರಾದರೆ ಉಳಿದವರ ಅಂಜಿಕೆ ಅರ್ಧ ಹೋಗುತ್ತದೆ. ಒಂದು ವಿಡಿಯೋಗೆ ಒಂದೇ ವಿಷಯ, 2 ನಿಮಿಷ ಮೀರಬಾರದು. ಸಾರ್ಟೆಕ್ಸ್‌ನ ಸೆನ್ಸಿಟಿವಿಟಿ, ಅಂದರೆ ಕೆಟ್ಟ ಕಾಳನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬ ಸೆಟ್ಟಿಂಗ್, ಜಾಸ್ತಿ ಇಟ್ಟರೆ ಗಾಳಿಯ ಹೊಡೆತಕ್ಕೆ ಒಳ್ಳೆ ಅಕ್ಕಿಯೂ ರಿಜೆಕ್ಟ್‌ಗೆ (ಕೆಟ್ಟ ಕಾಳು ಬೀಳುವ ಕಡೆಗೆ) ಹೋಗುತ್ತದೆ, ಕಡಿಮೆ ಇಟ್ಟರೆ ಕಪ್ಪು ಕಾಳು ಉಳಿಯುತ್ತದೆ. ಇದು ಒಂದು. ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಬಂದರೆ ಗಾಳಿ ಊದುವ ಎಜೆಕ್ಟರ್ ಕಟ್ಟಿಕೊಳ್ಳುವುದು ಇನ್ನೊಂದು. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ತೌಡಿನ ಧೂಳು ಕೂತರೆ ಏನಾಗುತ್ತದೆ ಎಂಬುದು ಮತ್ತೊಂದು. ಮಿಲ್ಲಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ದೊಡ್ಡ ಕನ್ನಡ ಅಕ್ಷರವನ್ನೂ ಹಾಕಿ. ಬಿಹಾರದ ಹುಡುಗರಿದ್ದರೆ ಹಿಂದಿಯದು ಬೇರೆ ಮಾಡಿ.

ಕಾಳು ಮೇಲೆತ್ತುವ ಎಲಿವೇಟರ್, ಬೆಲ್ಟ್, ಮೋಟರ್ ವಿಷಯ ಮಾತ್ರ ಫೋನಿನಲ್ಲಿ ಕಲಿಸಲು ಹೋಗಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡೇ ಕೈ ಹಚ್ಚಬೇಕು. ಅದನ್ನು ಎದುರು ನಿಂತು ಮಾಡಿಸಬೇಕು. ಓಡುವ ಮಷಿನ್ ಪಕ್ಕ ಫೋನ್ ನೋಡುವುದಕ್ಕೂ ಬಿಡಬೇಡಿ, ವಿಡಿಯೋ ಎಲ್ಲ ಚಹಾ ಹೊತ್ತಿಗೆ.

ಒಮ್ಮೆ ಕಳಿಸಿ ಕೈ ತೊಳೆದುಕೊಂಡರೆ ಆಗಲಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆತೆ ಎಂದು ಅಳೆದು 1885ರಲ್ಲಿ ಬರೆದ. ಮರೆವು ಮೊದಮೊದಲು ಭಾರೀ ವೇಗ, ಆಮೇಲೆ ನಿಧಾನ. ಅದಕ್ಕೇ ಮಾರನೇ ದಿನ ಒಂದು, ವಾರದ ಮೇಲೆ ಒಂದು ವಾಯ್ಸ್ ಮೆಸೇಜ್ ಹಾಕಿ. ಸುಗ್ಗಿಗೆ ಮುಂಚೆಯೇ ಶುರು ಮಾಡಿ, ಲಾರಿಗಳು ಸಾಲುಗಟ್ಟಿದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕಲಿತರೋ ಇಲ್ಲವೋ ಎಂದು ನೋಡಲು ಕ್ವಿಜ್ ಬೇಕಿಲ್ಲ. ಶಿಫ್ಟ್ ನಡುವೆ ರಿಜೆಕ್ಟ್‌ನಿಂದ ಒಂದು ಹಿಡಿ ತೆಗೆದು ತಟ್ಟೆಯಲ್ಲಿ ಹರಡಿ. ಒಳ್ಳೆ ಅಕ್ಕಿ ಜಾಸ್ತಿ ಕಂಡರೆ ಸೆನ್ಸಿಟಿವಿಟಿ ವಿಡಿಯೋ ಮತ್ತೆ ಕಳಿಸಿ. ಆ ಶಿಫ್ಟಿನವನಿಗೆ ಒಬ್ಬನಿಗೇ ಅಲ್ಲ, ಎಲ್ಲರಿಗೂ ಕಳಿಸಿ.