ಬ್ಲೆಂಡರ್‌ನಲ್ಲಿ (3ಡಿ ಸಾಫ್ಟ್‌ವೇರ್) ಸೈಕಲ್ಸ್ ಎಂಜಿನ್ ಬಳಸಿ ಹಾಲ್ ರೆಂಡರ್ ಮಾಡಿದರೆ, ಅಂದರೆ ಮಾದರಿಯಿಂದ ಚಿತ್ರ ತೆಗೆದರೆ, ಕಿಟಕಿ ಹತ್ತಿರ ಬೆಳಕು, ಮೂಲೆ ಪೂರ್ತಿ ಕತ್ತಲು. ಮೂರು ಪಾಯಿಂಟ್ ಲೈಟ್ ಸೇರಿಸಿದರೆ ಸೋಫಾಗೆ ಮೂರು ನೆರಳು ಬೀಳುತ್ತಿದೆ, ಗೋಡೆ ಮೇಲೆ ಮೋಡದಂಥ ಕಲೆಗಳೂ ಇವೆ. ಸರಿಪಡಿಸುವುದು ಹೇಗೆ?

ಮೂಲೆ ಕತ್ತಲಾಯ್ತು ಅಂತ ನೀವು ಸೇರಿಸಿರುವ ಮೂರು ಪಾಯಿಂಟ್ ಲೈಟ್‌ಗಳನ್ನು ಮೊದಲು ತೆಗೆದುಬಿಡಿ. ಸೋಫಾಗೆ ಮೂರು ನೆರಳು ಬೀಳುತ್ತಿರುವುದು ಅವುಗಳಿಂದಲೇ. ಕಿಟಕಿಯಿಂದ ಬರಬೇಕಾದ ಬೆಳಕು ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ. ಎಲ್ಲಿ ಅಂತ ಹುಡುಕದೆ ಲೈಟ್ ಹಾಕುತ್ತಾ ಹೋದರೆ ಚಿತ್ರ ಇನ್ನಷ್ಟು ಕೆಡುತ್ತದೆ.

ಸೈಕಲ್ಸ್ ಬಳಸುತ್ತಿದ್ದೀರಲ್ಲ, ವ್ಯೂ ಲೇಯರ್ ಟ್ಯಾಬ್‌ನಲ್ಲಿ ಮೆಟೀರಿಯಲ್ ಓವರ್‌ರೈಡ್‌ಗೆ (ಎಲ್ಲ ವಸ್ತುಗಳಿಗೂ ಒಂದೇ ಮೆಟೀರಿಯಲ್ ಹಾಕುವ ಆಯ್ಕೆ) 0.7 ವ್ಯಾಲ್ಯೂ (ಬಣ್ಣದ ತಿಳಿತನ; 0 ಕಪ್ಪು, 1 ಬಿಳಿ) ಇರುವ ಬೂದು ಡಿಫ್ಯೂಸ್ (ಹೊಳಪಿಲ್ಲದ ಮೆಟೀರಿಯಲ್) ಕೊಟ್ಟು ಒಮ್ಮೆ ರೆಂಡರ್ ಮಾಡಿ. ಕಿಟಕಿ ಗಾಜನ್ನು ರೆಂಡರ್‌ನಿಂದ ಹೈಡ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಅದೂ ಬೂದು ಗೋಡೆಯಾಗಿ ಬೆಳಕನ್ನೇ ಮುಚ್ಚುತ್ತದೆ. ಈಗ ಮೂಲೆ ತಿಳಿಯಾದರೆ ತಪ್ಪು ಗಾಜಿನದು ಅಥವಾ ಬಣ್ಣದ್ದು. ಆಗಲೂ ಕತ್ತಲಿದ್ದರೆ ಸೆಟ್ಟಿಂಗ್ ನೋಡಬೇಕು.

ಬಹಳ ಸಲ ತಪ್ಪು ಗಾಜಿನದೇ ಆಗಿರುತ್ತದೆ. ಬರೀ ಗ್ಲಾಸ್ ಶೇಡರ್ (ಮೇಲ್ಮೈ ಬೆಳಕಿಗೆ ಹೇಗೆ ವರ್ತಿಸಬೇಕು ಅಂತ ಹೇಳುವ ನೋಡ್) ಹಾಕಿದ ಗಾಜು ನೇರ ಬಿಸಿಲಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಮಿಕ್ಸ್ ಶೇಡರ್ ತಂದು ಮೇಲಿನ ಸಾಕೆಟ್‌ಗೆ ಗ್ಲಾಸ್, ಕೆಳಗಿನದಕ್ಕೆ ಟ್ರಾನ್ಸ್‌ಪರೆಂಟ್ ಜೋಡಿಸಿ, ಫ್ಯಾಕ್ಟರ್‌ಗೆ ಲೈಟ್ ಪಾತ್ ನೋಡ್‌ನ 'ಈಸ್ ಶ್ಯಾಡೋ ರೇ' (ನೆರಳು ಲೆಕ್ಕ ಹಾಕುವ ಕಿರಣವೇ ಅಂತ ಹೇಳುವುದು) ಕೊಡಿ. ಕಣ್ಣಿಗೆ ಗಾಜೇ ಕಾಣುತ್ತದೆ, ಬೆಳಕು ಮಾತ್ರ ತಡೆಯಿಲ್ಲದೆ ಒಳಗೆ ಬರುತ್ತದೆ.

ಇನ್ನು ಬಣ್ಣ. ಮೂಲೆಗೆ ಬೆಳಕು ತಲುಪುವುದು ಗೋಡೆಯಿಂದ ಗೋಡೆಗೆ ಬಡಿದು. ಗೋಡೆಯ ವ್ಯಾಲ್ಯೂ 0.8 ಇದ್ದರೆ ನಾಲ್ಕು ಬಡಿತದ ನಂತರ ಶೇ. 41 ಬೆಳಕು ಉಳಿಯುತ್ತದೆ; 0.5 ಇದ್ದರೆ ಬರೀ ಶೇ. 6. ಹಾಗಂತ 1.0ಗೆ ಏರಿಸಬೇಡಿ, ಸುಣ್ಣದ ಗೋಡೆಯೂ ಅಷ್ಟು ಬಿಳಿ ಇರುವುದಿಲ್ಲ, ಚಿತ್ರವೆಲ್ಲ ಪೇಲವವಾಗುತ್ತದೆ. ಬಿಳಿ ಗೋಡೆಗೆ 0.8 ಸಾಕು. ಡಿಫ್ಯೂಸ್ ಬೌನ್ಸ್ (ಇಂಥ ಬಡಿತಗಳ ಮಿತಿ) ಡೀಫಾಲ್ಟ್ 4 ಇರುತ್ತದೆ, ಅದನ್ನು 8 ಮಾಡಿ.

ಗೋಡೆ ಮೇಲೆ ಮೋಡದಂಥ ಕಲೆಗಳು ಅಂದಿರಲ್ಲ, ಅವು ನೆರಳಲ್ಲ. ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಬಿಡುವ ಕಿರಣಗಳು) ಸಾಲದೆ ಡಿನಾಯ್ಸರ್ (ಕಾಳು ಅಳಿಸುವ ಸಾಧನ) ಊಹಿಸಿ ಬಳಿದದ್ದು. ಡಿನಾಯ್ಸ್ ಆಫ್ ಮಾಡಿ ನೋಡಿದರೆ ಅದೇ ಜಾಗದಲ್ಲಿ ಒತ್ತೊತ್ತಾಗಿ ಕಾಳುಕಾಳು ಕಾಣುತ್ತದೆ. ನಾಯ್ಸ್ ಥ್ರೆಶೋಲ್ಡ್ (ಎಷ್ಟು ಕಾಳು ಉಳಿದರೆ ನಿಲ್ಲಿಸಬೇಕು ಎಂಬ ಮಿತಿ) 0.01 ಇಟ್ಟು ಸ್ಯಾಂಪಲ್ ಮಿತಿಯನ್ನು 2000ಕ್ಕೆ ಏರಿಸಿ. ಆಕಾಶದ ಬೆಳಕಿಗೆ ಎಚ್‌ಡಿಆರ್‌ಐ (ಸುತ್ತಲಿನ ಬೆಳಕನ್ನು ಹಿಡಿದಿಟ್ಟ ಚಿತ್ರ) ಬಳಸಿದ್ದರೆ ಕಿಟಕಿ ಅಳತೆಯ ಏರಿಯಾ ಲೈಟ್ ಇಟ್ಟು 'ಪೋರ್ಟಲ್' ಟಿಕ್ ಮಾಡಿ, ಅದರ ಮುಖ ಒಳಗಡೆಗೆ ಇರಲಿ. ಪೋರ್ಟಲ್ ಹೊಸ ಬೆಳಕು ಕೊಡುವುದಿಲ್ಲ, ಆಕಾಶದ ಬೆಳಕನ್ನು ಎಲ್ಲಿ ಹುಡುಕಬೇಕು ಅಂತ ತೋರಿಸುತ್ತದೆ ಅಷ್ಟೇ. ಸನ್ ಲೈಟ್‌ಗೆ ಅದರಿಂದ ಪ್ರಯೋಜನವಿಲ್ಲ.

ನೆಲ-ಗೋಡೆ ಕೂಡುವಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ಸಂದಿ ಇದೆ. ಗೋಡೆಯನ್ನು ನೆಲದಿಂದ 2–3 ಸೆಂ.ಮೀ. ಕೆಳಕ್ಕೆ ಇಳಿಸಿ, ಮೇಲಿನ ಸ್ಲ್ಯಾಬ್ ಗೋಡೆಯ ಹೊರಗಿನ ಅಂಚಿನವರೆಗೂ ಬರಲಿ. ಗೋಡೆ ಒಂದೇ ಪದರದ ಪ್ಲೇನ್ ಆಗಿದ್ದರೆ ಸಾಲಿಡಿಫೈ ಹಾಕಿ ನಿಜವಾದ ದಪ್ಪ ಕೊಡಿ. ನೆರಳಿನ ಅಂಚು ಕತ್ತರಿಸಿದಂತಿದ್ದರೆ ಸನ್‌ನ ಆಂಗಲ್ (ಆಕಾಶದಲ್ಲಿ ಕಾಣುವ ಅಗಲ) ಸೊನ್ನೆಯಾಗಿದೆಯೇ ನೋಡಿ. ನಿಜವಾದ ಸೂರ್ಯನಿಗೆ ಸುಮಾರು 0.53 ಡಿಗ್ರಿ.

ಇಷ್ಟಾದ ಮೇಲೂ ದೂರದ ಮೂಲೆ ಸ್ವಲ್ಪ ಮಬ್ಬಾಗಿದ್ದರೆ ಹಾಗೇ ಇರಲಿ, ಒಂದೇ ಕಿಟಕಿಯ ಕೋಣೆ ಇರುವುದೇ ಹಾಗೆ. ಒಟ್ಟು ಚಿತ್ರವೇ ಮಂಕಾಗಿದ್ದರೆ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಶರ್ 1 ಏರಿಸಿ, ಬೆಳಕು ಎರಡು ಪಟ್ಟಾಗುತ್ತದೆ. ಆಗ ಕಿಟಕಿ ಬೆಳ್ಳಗೆ ಸುಟ್ಟಂತೆ ಕಂಡರೆ ವ್ಯೂ ಟ್ರಾನ್ಸ್‌ಫಾರ್ಮ್ (ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವಿಧಾನ) 'ಸ್ಟ್ಯಾಂಡರ್ಡ್' ಇರಬಹುದು, 'ಎಜಿಎಕ್ಸ್' ಮಾಡಿ. 4.0 ಆವೃತ್ತಿಯಿಂದ ಹೊಸ ಫೈಲ್‌ಗಳಿಗೆ ಅದೇ ಡೀಫಾಲ್ಟ್, ಹಳೆಯ ಫೈಲ್‌ನಲ್ಲಿ ನೀವೇ ಬದಲಿಸಬೇಕು.