ತರಬೇತಿಯಲ್ಲಿ ಸಹಶಿಬಿರಾರ್ಥಿಯ ಲೇವಡಿಗೆ ಏನು ಮಾಡಬೇಕು?

ಕಲಬುರಗಿಯ ಶಿಕ್ಷಕರ ತರಬೇತಿಯಲ್ಲಿ ಹಿರಿಯ ಶಿಬಿರಾರ್ಥಿಯೊಬ್ಬರು ನಿಮ್ಮ ಬೀದರಿನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದಾರೆ, ಏನು ಮಾಡಲಿ ಎಂದು ಶಿಕ್ಷಕಿಯಾದ ನೀವು ಕೇಳಿದ್ದೀರಿ. ಇದಕ್ಕೆ, ನಡವಳಿಕೆಯ ನಿಯಮಗಳನ್ನು ಮೊದಲ ದಿನ ಯಾರೂ ಓದಿ ಹೇಳದಿದ್ದುದೇ ಮುಖ್ಯ ಕಾರಣವಿರಬಹುದು; ದುರುದ್ದೇಶವೂ ಇದೆಯೇ ಎಂಬುದನ್ನು ಇಲ್ಲಿ ಕುಳಿತು ನಿರ್ಣಯಿಸಲಾಗದು. ಮೊದಲು ಚಹಾ ವಿರಾಮದಲ್ಲಿ ಅವರನ್ನು ಬದಿಗೆ ಕರೆದು, "ಸರ್, ನಾನು ‘ಮಾಡ್ಲಿಕತ್ತೀನಿ’ ಅಂದಾಗ ನೀವು ಎಲ್ಲರನ್ನೂ ನಗಿಸಿದ್ದು ನನಗೆ ನೋವಾಯಿತು, ಇನ್ನು ಬೇಡ" ಎಂದು ನೇರವಾಗಿ ಹೇಳಿ. (ಗುಂಪಿನೆದುರು ಹೇಳಿದರೆ ಅದು ಪ್ರತಿಷ್ಠೆಯ ಜಗಳವಾಗುತ್ತದೆ.) ಮರುಕಳಿಸಿದರೆ ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಂಡು, ಸಂಯೋಜಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾತು ಲೈಂಗಿಕ ಸ್ವರೂಪದ್ದಾಗಿದ್ದರೆ ಈ ಸಂಧಾನವೆಲ್ಲ ಬೇಡ: ಮಹಿಳಾ ಉದ್ಯೋಗಿಯಾದ ನೀವು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, ಘಟನೆ ನಡೆದ 3 ತಿಂಗಳೊಳಗೆ, ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು; ಕರ್ತವ್ಯದ ಮೇಲೆ ಹೋದ ತರಬೇತಿಯ ಸ್ಥಳವೂ ಅದರ ಪ್ರಕಾರ ಕೆಲಸದ ಸ್ಥಳವೇ.