ಮನೆ ಲ್ಯಾಪ್‌ಟಾಪಿನಿಂದ ವೆಬ್‌ಸೈಟ್: ಯಗ್‌ಡ್ರಾಸಿಲ್‌ಗೆ ಮೊದಲು ಫೈರ್‌ವಾಲ್

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಹಳ್ಳಿ. ಮನೆಗೆ ಫೈಬರ್ ಬಂದಿದೆ. ಊರಿನ ಹಳೇ ಫೋಟೋ, ಯಕ್ಷಗಾನದ ಕರಪತ್ರ ಎಲ್ಲ ಸ್ಕ್ಯಾನ್ ಮಾಡಿ, ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ವೆಬ್‌ಸೈಟ್ ಮಾಡಿದ್ದೇನೆ. ಮನೆಯವರ ಫೋಟೋ, ಕಾಗದಪತ್ರ ಹಂಚಿಕೊಳ್ಳುವ ಸಾಂಬಾ ಫೋಲ್ಡರ್ ಕೂಡ ಅದರಲ್ಲೇ ಇದೆ. ರೂಟರಿನಲ್ಲಿ ಪೋರ್ಟ್ (ಹೊರಗಿನವರು ಒಳಬರುವ ಬಾಗಿಲು) ತೆರೆದರೂ ಹೊರಗಿನಿಂದ ಸೈಟ್ ಕಾಣುತ್ತಿಲ್ಲ. ಗೆಳೆಯರೊಬ್ಬರು ಯಗ್‌ಡ್ರಾಸಿಲ್ ಮೆಶ್ (ಕಂಪ್ಯೂಟರುಗಳು ಇಂಟರ್‌ನೆಟ್ ಮೇಲೆ ಒಂದಕ್ಕೊಂದು ಜೋಡಿಸಿಕೊಂಡು ಮಾಡುವ ಪ್ರತ್ಯೇಕ ನೆಟ್‌ವರ್ಕ್) ಹಾಕು ಅಂದರು. ಹಾಕಬಹುದಾ? ಜರ್ಮನಿಯಲ್ಲಿರುವ ತಂಗಿಗೆ ಕಾಣುತ್ತಾ?

ಉತ್ತರ: ಹಾಕಬಹುದು. ಮೊದಲು ಪೋರ್ಟಿನ ವಿಷಯ. ರೂಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸ ನೋಡಿ. ಅದು 100.64 ರಿಂದ 100.127 ರ ಒಳಗಿದ್ದರೆ, ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಆಗ ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ.

ಯಗ್‌ಡ್ರಾಸಿಲ್‌ಗೆ ಇದು ತೊಂದರೆಯೇ ಅಲ್ಲ. ನಿಮ್ಮ ಲ್ಯಾಪ್‌ಟಾಪೇ ಹೊರಗೆ ಹೋಗಿ ಎರಡು ಮೂರು ಸಾರ್ವಜನಿಕ ಪಿಯರ್‌ಗಳ (ಅದೇ ನೆಟ್‌ವರ್ಕಿನ ಬೇರೆ ಯಂತ್ರಗಳ) ಜೊತೆ ಸಂಪರ್ಕ ಹಿಡಿದುಕೊಳ್ಳುತ್ತದೆ. ಬರುವವರು ಅದೇ ದಾರಿಯಲ್ಲಿ ಬರುತ್ತಾರೆ. ನಿಮಗೆ 2 ರಿಂದ ಶುರುವಾಗುವ ಒಂದು ಐಪಿವಿ6 ವಿಳಾಸ ಸಿಗುತ್ತದೆ. ಅದು ಹುಟ್ಟುವುದು ನಿಮ್ಮ ಪಬ್ಲಿಕ್ ಕೀಯಿಂದ, ಅಂದರೆ ನಿಮ್ಮ ಯಂತ್ರದ ಕೀ ಜೋಡಿಯಲ್ಲಿ ಎಲ್ಲರಿಗೂ ತೋರಿಸಬಹುದಾದ ಕೀಯಿಂದ. ಹಾಗಾಗಿ ಕಂಪನಿ ಬದಲಾಯಿಸಿದರೂ ವಿಳಾಸ ಅದೇ ಇರುತ್ತದೆ, ಬೇರೆಯವರು ಅದನ್ನು ನಕಲು ಮಾಡಲೂ ಆಗುವುದಿಲ್ಲ. ನಿಮ್ಮ ಮತ್ತು ತಂಗಿಯ ಯಂತ್ರದ ನಡುವೆ ಹೋಗುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ನಡುವಿನ ಪಿಯರ್‌ಗಳು ದಾಟಿಸುತ್ತವೆ ಅಷ್ಟೇ, ಓದಲಾರವು. ಬ್ರೌಸರ್ ‘ಸುರಕ್ಷಿತವಲ್ಲ’ ಅಂದರೆ ಗಾಬರಿ ಬೇಡ. ಅದಕ್ಕೆ ಎಚ್‌ಟಿಟಿಪಿಎಸ್ ಮಾತ್ರ ಗೊತ್ತು, ಕೆಳಗಿನ ಈ ಎನ್‌ಕ್ರಿಪ್ಶನ್ ಕಾಣುವುದಿಲ್ಲ.

ಈಗ ನಿಮ್ಮ ಸಾಂಬಾ ಫೋಲ್ಡರ್‌ಗೆ ಬರೋಣ. ನನಗೆ ಚಿಂತೆ ಇರುವುದು ಇಲ್ಲೇ. ಇಷ್ಟು ದಿನ ರೂಟರ್ ನಿಮಗೆ ಗೊತ್ತಿಲ್ಲದೆ ಕಾವಲು ಕಾಯುತ್ತಿತ್ತು. ಯಗ್‌ಡ್ರಾಸಿಲ್ ಬಂದ ಕ್ಷಣ ಆ ಕಾವಲು ದಾಟಿ ಒಂದು ದಾರಿ ನೇರ ಲ್ಯಾಪ್‌ಟಾಪಿನೊಳಕ್ಕೆ ಬರುತ್ತದೆ. ಆ ನೆಟ್‌ವರ್ಕಿನಲ್ಲಿ ಇರುವ ಯಾರು ಬೇಕಾದರೂ ನಿಮ್ಮ ತೆರೆದ ಪೋರ್ಟುಗಳನ್ನು ತಟ್ಟಬಹುದು. ನಾನು ಮೊದಲ ಸಲ ಹಾಕಿದಾಗ ಬೇರೆ ಊರಿನಲ್ಲಿ ಕೂತು, ವೆಬ್‌ಸೈಟ್ ಬಂತಾ ಅಂತ ನೋಡಿದೆ. ಬಂತು. ಸುಮ್ನೆ ಅಂತ ಅದೇ ವಿಳಾಸದಲ್ಲಿ ಸಾಂಬಾ ತೆರೆದೆ. ಪಾಸ್‌ವರ್ಡ್ ಕೇಳದೆ ಮಕ್ಕಳ ಫೋಟೋಗಳು ಸಾಲಾಗಿ ಬಂದು ಕೂತವು. ಎದೆ ಧಸಕ್ಕೆಂದಿತು.

ಆದ್ದರಿಂದ ಯಗ್‌ಡ್ರಾಸಿಲ್‌ಗೂ ಮೊದಲು ಫೈರ್‌ವಾಲ್, ಅಂದರೆ ಯಾವ ಪೋರ್ಟಿಗೆ ಯಾರು ಬರಬಹುದು ಎಂದು ತಡೆಯುವ ಕಾವಲು. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಇರುತ್ತದೆ, ಆದರೆ ತಾನಾಗಿ ಚಾಲೂ ಆಗಿರುವುದಿಲ್ಲ. ಒಳಬರುವುದನ್ನೆಲ್ಲ ತಡೆದು, ವೆಬ್‌ಸೈಟಿನ 80ನೇ ಪೋರ್ಟ್ ಒಂದನ್ನು ಬಿಡಿ. ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲ್ಯಾಪ್‌ಟಾಪ್ ನಡೆಸುವ ದಾರಿ) ಮತ್ತು ಸಾಂಬಾಗೆ ಮನೆಯ ಒಳಗಿನ ವಿಳಾಸಗಳಿಂದ ಮಾತ್ರ ಅನುಮತಿ ಕೊಡಿ. ಈ ಅನುಮತಿ ಬರೆದ ಮೇಲೆ ಫೈರ್‌ವಾಲ್ ಚಾಲೂ ಮಾಡಿ, ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ. ಯಗ್‌ಡ್ರಾಸಿಲ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ‘ಅನುಮತಿ ಇರುವ ಪಬ್ಲಿಕ್ ಕೀಗಳು’ ಎಂಬ ಪಟ್ಟಿ ಕಾಣುತ್ತದೆ. ಇದೇ ಫೈರ್‌ವಾಲ್ ಅಂತ ಬಹಳ ಜನ ನಂಬುತ್ತಾರೆ. ಅಲ್ಲ. ಯಾರು ನಿಮ್ಮ ಜೊತೆ ಪಿಯರ್ ಆಗಬಹುದು ಅನ್ನುವುದನ್ನಷ್ಟೇ ಅದು ನೋಡುತ್ತದೆ, ಪೋರ್ಟ್ ತಟ್ಟುವವರನ್ನು ತಡೆಯುವುದಿಲ್ಲ.

ತಂಗಿಗೆ ಕಾಣಬೇಕಾದರೆ ಅವರೂ ಯಗ್‌ಡ್ರಾಸಿಲ್ ಹಾಕಿಕೊಳ್ಳಬೇಕು. ಆಂಡ್ರಾಯ್ಡ್‌ಗೂ ಇದೆ. ವಿಳಾಸವನ್ನು ಚೌಕ ಆವರಣದೊಳಗೆ ಬರೆದು ಬ್ರೌಸರಿಗೆ ಕೊಟ್ಟರಾಯಿತು. ಆದರೆ ಊರಿನವರೆಲ್ಲ ವಾಟ್ಸ್ಆ್ಯಪ್ ಲಿಂಕ್ ಒತ್ತಿ ನೋಡಬೇಕು ಅಂತ ಆಸೆ ಇದ್ದರೆ ಇದು ದಾರಿಯಲ್ಲ. ಅದಕ್ಕೆ ಮಾಮೂಲಿ ಹೋಸ್ಟಿಂಗ್‌ನಲ್ಲಿ ಇನ್ನೊಂದು ಪ್ರತಿ ಇಡಿ. ಇನ್ನೊಂದು ಮಾತು: ಇದು ಗುರುತು ಮುಚ್ಚುವ ನೆಟ್‌ವರ್ಕ್ ಅಲ್ಲ. ನೇರ ಪಿಯರ್‌ಗಳಿಗೆ ನಿಮ್ಮ ನಿಜವಾದ ಐಪಿ ಕಾಣುತ್ತದೆ.

ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ರೂಟರಿಗೂ ಒಂದು ಪುಟ್ಟ ಬ್ಯಾಕಪ್ ಇರಲಿ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ. ಅದೇ ಕಾನ್ಫಿಗ್ ಫೈಲಿನಲ್ಲಿರುವ ಪ್ರೈವೇಟ್ ಕೀಯನ್ನು (ಪಬ್ಲಿಕ್ ಕೀಯ ಗುಟ್ಟಿನ ಜೋಡಿ) ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ. ಅದು ಹೋದರೆ ವಿಳಾಸವೂ ಹೋಯಿತು. ಎಲ್ಲ ಆದ ಮೇಲೆ ತಂಗಿಗೆ ಫೋನ್ ಮಾಡಿ, ಮೊದಲು ಸಾಂಬಾ ತೆರೆಯಲು ಹೇಳಿ. ಅದು ತೆರೆಯದಿದ್ದರೆ ಮಾತ್ರ ಫೋಟೋಗಳ ಪುಟದ ವಿಳಾಸವನ್ನು ಬೇರೆಯವರಿಗೂ ಕೊಡಿ.